ಪುಸ್ತಕದ ಗಂಟು ಹೊತ್ತು ಓದುಗರ ಬಾಗಿಲಿಗೆ ನಡೆದ ಗಳಗನಾಥರು

ಭಾವಿಕೇರಿ: ಅಂಕೋಲಾ ತಾಲೂಕಿನ ಭಾವಿಕೇರಿಯಂಥ ಊರಿನಲ್ಲಿ ಕುಳಿತು ಕಥೆ, ಕಾದಂಬರಿ ಬರೆಯುವವರಿಗೆ ಬರವಣಿಗೆ ಮುಗಿದ ಮೇಲೆಯೇ ನಿಜವಾದ ಕಷ್ಟ ಆರಂಭವಾಗುತ್ತದೆ. ಅಚ್ಚಿನ ವೆಚ್ಚವನ್ನು ಹೇಗೋ ಹೊಂದಿಸಬಹುದು. ಬಿಡುಗಡೆ ಸಮಾರಂಭವೂ ನಡೆಯುತ್ತದೆ. ಅನಂತರ ಪ್ರತಿಗಳ ಕಟ್ಟುಗಳು ಮನೆಯ ಅಟ್ಟವನ್ನು ಸೇರುತ್ತವೆ. ತಾನು ಬರೆದ ಪುಸ್ತಕವನ್ನು ತಾನೇ ಮಾರುವುದು ಸಾಹಿತಿಯ ಘನತೆಗೆ ಕುಂದು ಎಂಬ ಸಂಕೋಚ ನಮ್ಮ ಬರಹಗಾರರಲ್ಲಿ ಇಂದಿಗೂ ಉಳಿದಿದೆ. ಈ ಸಂಕೋಚವನ್ನು ನೂರು ವರ್ಷಗಳ ಹಿಂದೆಯೇ ಬದಿಗಿಟ್ಟು, ಬರವಣಿಗೆಯನ್ನೇ ನಂಬಿ ಬದುಕಿದ ಒಬ್ಬ ಹಿರಿಯರು ಕನ್ನಡದಲ್ಲಿ ಆಗಿಹೋದರು. ಅವರೇ ಕನ್ನಡ ಕಾದಂಬರಿಯ ಪಿತಾಮಹರೆಂದು ಹೆಸರಾದ ಗಳಗನಾಥರು.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. 1869ರ ಜನವರಿ 5ರಂದು ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ ಜನಿಸಿದರು. ವರದಾ ಮತ್ತು ತುಂಗಭದ್ರಾ ನದಿಗಳು ಕೂಡುವ ಈ ಊರು ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯಕ್ಕೆ ಪ್ರಸಿದ್ಧ. ಊರಿನ ಹೆಸರೇ ಮುಂದೆ ಅವರ ಕಾವ್ಯನಾಮವಾಯಿತು; ಹುಟ್ಟುಹೆಸರು ಜನರಿಗೆ ಮರೆತೇಹೋಯಿತು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಅವರು ಕನ್ನಡ ಶಾಲೆಯ ಶಿಕ್ಷಕರಾದರು.

ಓದುಗರಿದ್ದರು, ಕನ್ನಡ ಪುಸ್ತಕವಿರಲಿಲ್ಲ

ಆಗಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1862ರಲ್ಲಿ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿಗೆ ಸೇರಿದ ಉತ್ತರ ಕನ್ನಡ ಜಿಲ್ಲೆಯದೂ ಇದೇ ಸ್ಥಿತಿ. ಕಚೇರಿ, ಶಾಲೆ, ಸಭೆಗಳಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳು ಬೆಳೆದು, ಅಕ್ಷರ ಬಲ್ಲವರ ಸಂಖ್ಯೆ ಏರತೊಡಗಿತ್ತು. ಆದರೆ ಶಾಲೆ ಬಿಟ್ಟ ಮೇಲೆ ಓದಲು ಅವರ ಕೈಗೆ ಸಿಗುತ್ತಿದ್ದುದು ಬಹುಪಾಲು ಮರಾಠಿ ಪುಸ್ತಕಗಳೇ. ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡದ ಮನೆಗಳಲ್ಲಿಯೂ ಆಸಕ್ತಿಯಿಂದ ಓದುತ್ತಿದ್ದರು.

1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದಲ್ಲಿ ಒಳ್ಳೆಯ ಗ್ರಂಥಗಳು ಬರಲೆಂದು ಬಹುಮಾನಗಳನ್ನು ನೀಡತೊಡಗಿತು. ಶಿಕ್ಷಕ ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಸಂಘದ ಬಹುಮಾನ ದೊರೆಯಿತು. 1898ರ ಸುಮಾರಿನ ಈ ಮನ್ನಣೆ ಅವರಲ್ಲಿ ಧೈರ್ಯ ತುಂಬಿತು. ಆದರೆ ಬಹುಮಾನ ಒಮ್ಮೆ ಬರುವಂಥದು. ಬರವಣಿಗೆಯಿಂದ ಬದುಕಬೇಕಾದರೆ ಮತ್ತೆ ಮತ್ತೆ ಬರುವ ಓದುಗರು ಬೇಕು. ಇದನ್ನು ಅವರಷ್ಟು ಸ್ಪಷ್ಟವಾಗಿ ಅರಿತವರು ಆ ಕಾಲದಲ್ಲಿ ವಿರಳ.

ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದುವ ರುಚಿ ಹತ್ತಿಸಿದ್ದರು. ಗಳಗನಾಥರು ಉತ್ತರ ಕರ್ನಾಟಕದಲ್ಲಿ ಮರಾಠಿಯತ್ತ ಮುಖ ಮಾಡಿದರು. ಜನ ಯಾವ ಬಗೆಯ ಕಥೆಗಳನ್ನು ಮೆಚ್ಚಿ ಓದುತ್ತಿದ್ದಾರೆಂಬುದು ಅವರಿಗೆ ತಿಳಿದಿತ್ತು. ಅಂಥ ಕಥೆಗಳನ್ನೇ ಕನ್ನಡದ ನೆಲಕ್ಕೆ, ಕನ್ನಡಿಗರ ಇತಿಹಾಸಕ್ಕೆ ಹೊಂದಿಸಿ ಕೊಟ್ಟರು. ವಿಜಯನಗರದ ಪತನವನ್ನು ಚಿತ್ರಿಸುವ ‘ಕನ್ನಡಿಗರ ಕರ್ಮಕಥೆ’ಗೆ ಆಪಟೆಯವರ ‘ವಜ್ರಾಘಾತ’ವೇ ಆಧಾರ. ಆದರೆ ಅದನ್ನು ಓದಿದ ಕನ್ನಡಿಗನಿಗೆ ಅದು ತನ್ನದೇ ಮನೆಯ ದುಃಖವಾಗಿ ಕಂಡಿತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ವಿದ್ಯಾವಂತರಲ್ಲಿ ಮೂಡಿಸಿದ ನಾಡಿನ ಅಭಿಮಾನವನ್ನು ಗಳಗನಾಥರ ಕಾದಂಬರಿಗಳು ಸಾಮಾನ್ಯ ಓದುಗರ ಮನೆಯೊಳಗೆ ಹರಡಿದವು.

ತಿಂಗಳಿಗೊಮ್ಮೆ ಬರುವ ಕಥೆ

ಹಾವೇರಿಗೆ ಸಮೀಪದ ಅಗಡಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಆರಂಭವಾಯಿತು. ಶ್ರೀ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ನಡೆದ ಈ ಪತ್ರಿಕೆಯ ಹಿಂದಿನ ದುಡಿಮೆ ಗಳಗನಾಥರದು. ಶಿಕ್ಷಕ ವೃತ್ತಿಯ ನಿಶ್ಚಿತ ಸಂಬಳವನ್ನು ಬಿಟ್ಟು ಅವರು ಬರವಣಿಗೆಯನ್ನೇ ಬದುಕಾಗಿಸಿಕೊಂಡರು. ಸಂಸಾರವಂದಿಗನಾದ ಕನ್ನಡ ಮಾಸ್ತರನೊಬ್ಬನ ಪಾಲಿಗೆ ಅಂದು ಅದು ಸಣ್ಣ ಸಾಹಸವಾಗಿರಲಿಲ್ಲ.

ಪತ್ರಿಕೆಯಲ್ಲಿ ಕಾದಂಬರಿಗಳು ಕಂತುಕಂತಾಗಿ ಪ್ರಕಟವಾಗುತ್ತಿದ್ದವು. ಕಥೆ ಒಂದು ಕುತೂಹಲದ ಘಟ್ಟದಲ್ಲಿ ನಿಂತರೆ ಓದುಗ ಮುಂದಿನ ಸಂಚಿಕೆಗಾಗಿ ಕಾಯುತ್ತಾನೆ. ಕಾಯುವವನು ವರ್ಗಣಿ ನಿಲ್ಲಿಸುವುದಿಲ್ಲ. ವರ್ಷದ ವರ್ಗಣಿ ಮುಂಗಡವಾಗಿ ಬಂದರೆ ಕಾಗದ ಮತ್ತು ಅಚ್ಚಿನ ಖರ್ಚಿಗೆ ಆಧಾರವಾಗುತ್ತದೆ. ಕಂತುಗಳು ಮುಗಿದ ಮೇಲೆ ಅದೇ ಕಥೆ ಪುಸ್ತಕವಾದಾಗ, ಅದರ ಹೆಸರು ಆಗಲೇ ನೂರಾರು ಮನೆಗಳಿಗೆ ಪರಿಚಿತವಾಗಿರುತ್ತದೆ. ದೊಡ್ಡ ಪುಸ್ತಕದಂಗಡಿಗಳಾಗಲಿ, ಜಾಹೀರಾತಿಗೆ ಹಣವಾಗಲಿ ಇಲ್ಲದ ಸೀಮೆಯಲ್ಲಿ ಲೇಖಕನಿಗೆ ಇದಕ್ಕಿಂತ ಭದ್ರವಾದ ದಾರಿ ಇರಲಿಲ್ಲ. ಮುಂದೆ ಗಳಗನಾಥರು ‘ಸದ್ಗುರು’ ಎಂಬ ತಮ್ಮದೇ ಮಾಸಪತ್ರಿಕೆಯನ್ನೂ ನಡೆಸಿದರು.

ಅವರ ಬರವಣಿಗೆ ನೀತಿಪ್ರಧಾನವಾದುದು. ಸ್ತ್ರೀಯರೂ ಮಕ್ಕಳೂ ಕುಳಿತು ಕೇಳುವಂತೆ ಮನೆಯಲ್ಲಿ ಗಟ್ಟಿಯಾಗಿ ಓದಬಹುದಾದ ಕಥೆಗಳು ಅವು. ಕಾದಂಬರಿ ಓದಿದರೆ ಮಕ್ಕಳು ಕೆಡುತ್ತಾರೆಂದು ಹಿರಿಯರು ಅಂಜುತ್ತಿದ್ದ ಕಾಲದಲ್ಲಿ ಈ ಗುಣವೇ ಅವರ ಪುಸ್ತಕಗಳಿಗೆ ಮನೆಯ ಬಾಗಿಲು ತೆರೆಯಿತು. ಉಪದೇಶ ಅತಿಯಾಯಿತೆಂದು ಮುಂದಿನ ತಲೆಮಾರಿನ ವಿಮರ್ಶಕರು ಆಕ್ಷೇಪಿಸಿದ್ದುಂಟು. ಆ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಕಾದಂಬರಿಗೆ ಮನೆಯೊಳಗೆ ಜಾಗ ದೊರಕಿಸಿಕೊಟ್ಟದ್ದೂ ಆ ಉಪದೇಶವೇ.

ತಲೆಯ ಮೇಲೆ ಪುಸ್ತಕದ ಗಂಟು

ಗಳಗನಾಥರ ಹೆಸರಿನೊಡನೆ ಎಂದೆಂದಿಗೂ ಬೆರೆತುಹೋಗಿರುವ ಚಿತ್ರವೊಂದಿದೆ. ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿ, ಆ ಗಂಟನ್ನು ತಲೆಯ ಮೇಲೆ ಹೊತ್ತು, ಅವರು ಊರೂರು ತಿರುಗಿ ಮಾರಿದರು. ಹುಬ್ಬಳ್ಳಿಯಿಂದ ಹಾವೇರಿಯ ಮೂಲಕ ರೈಲು ಓಡುತ್ತಿತ್ತು, ಅಂಚೆಯ ವಿ.ಪಿ. ಸೌಲಭ್ಯವೂ ಇತ್ತು. ಆದರೆ ಅಂಚೆಯಲ್ಲಿ ಪುಸ್ತಕ ತರಿಸಿಕೊಳ್ಳಲು ಓದುಗನಿಗೆ ಮೊದಲು ಆ ಪುಸ್ತಕದ ಆಸೆ ಹುಟ್ಟಬೇಕು. ಆಸೆ ಹುಟ್ಟಿಸಲು ಲೇಖಕನೇ ಎದುರಿಗೆ ನಿಲ್ಲಬೇಕಾದ ಕಾಲವದು. ಪುಸ್ತಕ ಕೊಳ್ಳುವುದು ಗೃಹಸ್ಥನ ಖರ್ಚಿನ ಬಾಬತ್ತುಗಳಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ಅಲ್ಲಿ ಸೇರಿಸುವ ಕೆಲಸವನ್ನು ಅವರು ಕಾಲ್ನಡಿಗೆಯಲ್ಲಿ ಮಾಡಿದರು.

ಹೀಗೆ ತಿರುಗುವಾಗ ಲೇಖಕನಿಗೆ ಮಾರಾಟದ ಹಣದ ಜೊತೆಗೆ ಇನ್ನೊಂದು ಲಾಭವೂ ಆಗುತ್ತದೆ. ತನ್ನನ್ನು ಓದುವವರು ಯಾರು, ಅವರ ಮನೆಯಲ್ಲಿ ಓದಲು ಬಲ್ಲವರೆಷ್ಟು, ಅವರು ಎಂಥ ಕಥೆಗೆ ಕಣ್ಣೀರು ಹಾಕುತ್ತಾರೆ ಎಂಬುದನ್ನು ಆತ ಕಣ್ಣಾರೆ ಕಾಣುತ್ತಾನೆ. ಸ್ವತಂತ್ರ ಕೃತಿಯೆಂದು ಹೆಚ್ಚು ಮನ್ನಣೆ ಪಡೆದ, ವಿಜಯನಗರದ ಸ್ಥಾಪನೆಯನ್ನು ವಸ್ತುವಾಗುಳ್ಳ ‘ಮಾಧವ ಕರುಣಾ ವಿಲಾಸ’ವು 1923ರಲ್ಲಿ ಹೊರಬರುವ ವೇಳೆಗೆ ಗಳಗನಾಥರು ತಮ್ಮ ಓದುಗರನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಇಷ್ಟೆಲ್ಲ ದುಡಿದರೂ ಅವರು ಶ್ರೀಮಂತರಾಗಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು, ಪೌರಾಣಿಕ ಕಥೆಗಳು, ಚರಿತ್ರೆಗಳು, ಪ್ರಬಂಧಗಳು ಅವರ ಲೇಖನಿಯಿಂದ ಹೊರಬಂದವು. ಕನ್ನಡ ಓದುಗರ ಒಂದು ದೊಡ್ಡ ಸಮುದಾಯವೇ ರೂಪುಗೊಂಡಿತು. ಆದರೆ ಆ ಬೆಳೆಯ ಪೂರ್ಣ ಫಲ ಉಂಡವರು ಅವರ ನಂತರ ಬಂದವರು. ಲೇಖನಿಯನ್ನೇ ನಂಬಿ ಬದುಕಿದ ಅ.ನ. ಕೃಷ್ಣರಾಯರಿಗೆ ಕಾದಂಬರಿ ಕೊಂಡು ಓದುವ ಜನ ಸಿದ್ಧರಾಗಿದ್ದರು. ಪುಸ್ತಕದ ಚೀಲ ಹಿಡಿದು ತಾವೇ ಮಾರುತ್ತಿದ್ದ ಜಿ.ಪಿ. ರಾಜರತ್ನಂ ಅವರು ನಡೆದದ್ದೂ ಇದೇ ಜಾಡಿನಲ್ಲಿ. 1942ರ ಏಪ್ರಿಲ್ 22ರಂದು ಗಳಗನಾಥರು ನಿಧನರಾದಾಗ ಅವರಿಗೆ 73 ವರ್ಷ.

ಅಂಕೋಲಾದ ನೆಲಕ್ಕೆ ಈ ಪರಂಪರೆ ಅಪರಿಚಿತವಲ್ಲ. ತಾಲೂಕಿನ ಅಂಬಾರಕೊಡ್ಲದ ಹಳ್ಳಿಮನೆಯಿಂದಲೇ ರಾಘವೇಂದ್ರ ಪ್ರಕಾಶನವನ್ನು ಕಟ್ಟಿದ ಕವಿ ವಿಷ್ಣು ನಾಯ್ಕರು, ಪುಸ್ತಕ ಪ್ರಕಟಿಸಲು ಬೆಂಗಳೂರಿಗೇ ಹೋಗಬೇಕಾಗಿಲ್ಲವೆಂದು ತೋರಿಸಿಕೊಟ್ಟರು. ಇಂದು ಮೊಬೈಲಿನಲ್ಲಿ ಒಂದು ಸಂದೇಶ ಕಳುಹಿಸಿ ನೂರು ಜನರಿಗೆ ಪುಸ್ತಕದ ಸುದ್ದಿ ಮುಟ್ಟಿಸಬಹುದು. ಗಂಟು ಹೊರುವ ಶ್ರಮ ಈಗಿಲ್ಲ. ಆದರೂ ತನ್ನ ಬರಹವನ್ನು ಕೈಯಲ್ಲಿ ಹಿಡಿದು ಅಪರಿಚಿತನೊಬ್ಬನ ಬಾಗಿಲು ತಟ್ಟಲು ಬೇಕಾದ ಧೈರ್ಯ ಅಂದಿನಷ್ಟೇ ಇಂದೂ ಬೇಕು. ತಮ್ಮ ಪುಸ್ತಕದ ಬೆಲೆ ಹೇಳಲು ನಾಚುವ ಭಾವಿಕೇರಿಯ, ಅಂಕೋಲೆಯ, ಕಾರವಾರದ ಯುವ ಬರಹಗಾರರು ಗಳಗನಾಥರ ಬದುಕನ್ನು ಒಮ್ಮೆ ನೆನೆಯುವುದು ಒಳಿತು. ತಲೆಯ ಮೇಲೆ ಗಂಟು ಹೊತ್ತ ಆ ಮಾಸ್ತರರನ್ನು ಕನ್ನಡ ನಾಡು ಇಂದಿಗೂ ಪಿತಾಮಹರೆಂದೇ ಕರೆಯುತ್ತಿದೆ.