ನ್ಯಾಯಮೂರ್ತಿ ರಾನಡೆ

೧೮೭೫ನೆಯ ಇಸವಿಯ ಮೇ ೧೨ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನ ಸಂತೆಯಲ್ಲಿ ನೆರೆದಿದ್ದ ರೈತರು ಸಾಹುಕಾರರ ಮನೆ, ಅಂಗಡಿಗಳಿಗೆ ನುಗ್ಗಿದರು. ಗಲಭೆಯು ಸುತ್ತಲಿನ ಊರುಗಳಿಗೂ ಅಹಮದನಗರ ಜಿಲ್ಲೆಗೂ ಹಬ್ಬಿತು. ರೈತರು ಎಲ್ಲಕ್ಕಿಂತ ಹೆಚ್ಚಾಗಿ ಅರಸಿದುದು ಸಾಲದ ಪತ್ರಗಳನ್ನು. ಸಿಕ್ಕಿದವುಗಳನ್ನೆಲ್ಲ ಬೆಂಕಿಗೆ ಹಾಕಿದರು. ಆಗ ಪುಣೆಯಲ್ಲಿ ಅಧೀನ ನ್ಯಾಯಾಧೀಶರಾಗಿದ್ದವರು ಮಹಾದೇವ ಗೋವಿಂದ ರಾನಡೆ.

ರಾನಡೆಯವರು ೧೮೪೨ರ ಜನವರಿ ೧೮ರಂದು ನಾಸಿಕ ಜಿಲ್ಲೆಯ ನಿಫಾಡದಲ್ಲಿ ಜನಿಸಿದರು. ಕೊಲ್ಲಾಪುರದಲ್ಲಿಯೂ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿಯೂ ಓದಿ, ೧೮೬೨ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಮೊದಲ ಪದವೀಧರರಲ್ಲಿ ಒಬ್ಬರಾದರು. ಬಳಿಕ ಕಾನೂನು ಪದವಿಯನ್ನೂ ಪಡೆದು, ೧೮೭೧ರಲ್ಲಿ ಪುಣೆಯ ನ್ಯಾಯಪೀಠವನ್ನೇರಿದರು.

ರೈತನ ಕೋಪಕ್ಕೆ ಕಾರಣವಿಲ್ಲದಿರಲಿಲ್ಲ. ಓದುಬರಹ ಅರಿಯದ ಅವನು ಸಾಹುಕಾರನು ಬರೆದ ಪತ್ರಕ್ಕೆ ತನ್ನ ಗುರುತು ಹಾಕಿಕೊಡುತ್ತಿದ್ದನು. ವಾಯಿದೆ ಮೀರಿದಾಗ ಬಡ್ಡಿಯು ಅಸಲಿಗೆ ಸೇರಿ ಹೊಸ ಪತ್ರ ಹುಟ್ಟುತ್ತಿತ್ತು. ನ್ಯಾಯಾಲಯವೋ ದೂರದಲ್ಲಿತ್ತು, ವಕೀಲನನ್ನು ನೇಮಿಸಲು ಹಣವಿರಲಿಲ್ಲ. ಪ್ರತಿವಾದಿ ಬಾರದಿದ್ದಾಗ ಪತ್ರದಲ್ಲಿದ್ದುದೇ ಸತ್ಯವೆಂದು ಡಿಕ್ರಿಯಾಗುತ್ತಿತ್ತು. ಹೊಲ ಹರಾಜಾಗುತ್ತಿತ್ತು, ಸಾಲಗಾರನು ಸೆರೆಮನೆಗೂ ಹೋಗಬೇಕಾಗುತ್ತಿತ್ತು. ಕಾನೂನು ಎಲ್ಲರಿಗೂ ಒಂದೇ ಆಗಿತ್ತು. ಅದರ ಬಾಗಿಲನ್ನು ಮುಟ್ಟುವ ಶಕ್ತಿ ಮಾತ್ರ ಒಂದೇ ಆಗಿರಲಿಲ್ಲ.

ರಾನಡೆಯವರು ಪುಣೆಯ ಸಾರ್ವಜನಿಕ ಸಭೆಯ ಮೂಲಕ ರೈತರ ಸ್ಥಿತಿಯನ್ನು ಸರ್ಕಾರಕ್ಕೆ ತಿಳಿಸಲು ಶ್ರಮಿಸಿದರು. ಸರ್ಕಾರಿ ಸೇವೆಯಲ್ಲಿದ್ದವರು ಹೀಗೆ ಲೋಕಕಾರ್ಯದಲ್ಲಿ ತೊಡಗಿದುದು ಆಳುವವರಲ್ಲಿ ಸಂಶಯ ಹುಟ್ಟಿಸಿತು. ಅವರನ್ನು ನಾಸಿಕಕ್ಕೂ ಬಳಿಕ ಧುಳೆಗೂ ವರ್ಗಾಯಿಸಲಾಯಿತು. ಅವರು ಕಹಿಯನ್ನು ಹೊರಗೆಡಹದೆ ಕರ್ತವ್ಯದಲ್ಲಿ ನಿರತರಾದರು.

೧೮೭೯ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಜಾರಿಗೆ ಬಂದಿತು. ಪುಣೆ, ಸಾತಾರಾ, ಅಹಮದನಗರ, ಸೊಲ್ಲಾಪುರ ಜಿಲ್ಲೆಗಳಿಗೆ ಇದು ಅನ್ವಯಿಸಿತು. ಸಣ್ಣ ವ್ಯಾಜ್ಯಗಳಿಗೆ ಗ್ರಾಮ ಮುನ್ಸೀಫರು ನೇಮಕಗೊಂಡರು. ದಾವಾ ಹೂಡುವ ಮೊದಲು ಸಂಧಾನಕಾರರ ಮುಂದೆ ರಾಜಿಗೆ ಯತ್ನಿಸಬೇಕಾಯಿತು. ನ್ಯಾಯಾಧೀಶನು ಪತ್ರವನ್ನಷ್ಟೇ ನೋಡದೆ, ವ್ಯವಹಾರವನ್ನು ಮೊದಲಿನಿಂದ ವಿಚಾರಿಸಬೇಕಾಯಿತು. ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವುದು ನಿಂತಿತು. ಸಣ್ಣ ದಾವೆಗಳು ಬೇಗ ಮುಗಿಯಲೆಂದು ಅಪೀಲನ್ನು ತೆಗೆದುಹಾಕಿ, ತಪ್ಪುಗಳನ್ನು ತಿದ್ದಲು ವಿಶೇಷ ನ್ಯಾಯಾಧೀಶರ ಪರಿಶೀಲನೆಯನ್ನು ಇಡಲಾಯಿತು.

ಮುಂದೆ ಆ ವಿಶೇಷ ನ್ಯಾಯಾಧೀಶರ ಹೊಣೆ ರಾನಡೆಯವರಿಗೇ ಬಂದಿತು. ಅವರು ಊರಿಂದೂರಿಗೆ ಸಂಚರಿಸಿ ಕೆಳಗಿನ ನ್ಯಾಯಾಲಯಗಳ ತೀರ್ಪುಗಳನ್ನು ಪರಿಶೀಲಿಸಿದರು. ಪಕ್ಷಗಾರನು ನ್ಯಾಯಾಲಯವನ್ನು ಹುಡುಕಿ ಅಲೆಯುವ ಬದಲು ಮೇಲಿನ ನ್ಯಾಯಾಧೀಶರೇ ಅವನ ಸೀಮೆಗೆ ಬಂದುದು ಆ ಕಾಲಕ್ಕೆ ದೊಡ್ಡ ಮಾತು.

ಕಾಯಿದೆಯೊಂದರಿಂದ ಸಾಲದ ಹೊರೆ ತೀರಲಿಲ್ಲ. ಕೆಲವು ಸಾಹುಕಾರರು ಸಾಲ ಕೊಡುವುದನ್ನೇ ಬಿಗಿಗೊಳಿಸಿದರು. ಕೆಲವರು ಅಡವಿನ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಆದರೂ ಪತ್ರದ ಹಿಂದಿರುವ ಮನುಷ್ಯನ ಅಹವಾಲನ್ನು ಕೇಳಬೇಕೆಂಬ ನಿಯಮ ನ್ಯಾಯಾಲಯದೊಳಗೆ ನೆಲೆಯೂರಿತು.

೧೮೯೩ರಲ್ಲಿ ರಾನಡೆಯವರು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಅಂದು ಆ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದವು. ೧೯೦೧ರ ಜನವರಿ ೧೬ರಂದು ಅವರು ನಿಧನರಾದರು.

ಬಡವರಿಗೆ ಉಚಿತ ಕಾನೂನು ನೆರವು, ರಾಜಿಯಿಂದ ವ್ಯಾಜ್ಯ ತೀರಿಸುವ ಲೋಕ ಅದಾಲತ್ತು, ೨೦೦೮ರ ಗ್ರಾಮ ನ್ಯಾಯಾಲಯ ಕಾಯಿದೆ ಇವೆಲ್ಲ ಬಹು ಕಾಲದ ನಂತರ ಬಂದವು. ನ್ಯಾಯವು ಹತ್ತಿರವಿರಬೇಕು, ಬೇಗ ದೊರೆಯಬೇಕು, ಬಲ್ಲಿದನಿಗೂ ಬಡವನಿಗೂ ಸಮನಾಗಿರಬೇಕು ಎಂಬ ಮೂರು ಮಾತುಗಳಿಗಾಗಿ ದುಡಿದ ಹಿರಿಯರ ಸಾಲಿನಲ್ಲಿ ರಾನಡೆಯವರ ಹೆಸರು ಮೊದಲಿಗೇ ನಿಲ್ಲುತ್ತದೆ.