ಡಾಕ್ಟರ್ ತೋನ್ಸೆ ಮಾಧವ ಅನಂತ ಪೈಯವರ ಚರಿತ್ರೆ

ನಮ್ಮ ಸೀಮೆಯ ಪ್ರೌಢಶಾಲೆಗಳಲ್ಲಿ ವರುಷದೊಳಗೆ ಕೆಲವು ವಾರಗಳ ವರೆಗೆ ಹೊಸಬರಾದ ಯೌವನಸ್ಥರು ಬಂದು ಪಾಠ ಹೇಳಿ ಹೋಗುವದನ್ನು ನಿಮ್ಮ ಮಕ್ಕಳು ಮನೆಯಲ್ಲಿ ತಿಳಿಸಿರಬಹುದು. ಇವರು ಉಪಾಧ್ಯಾಯರಾಗಲಿಕ್ಕೆ ಕಲಿಯುತ್ತಿರುವ ವಿದ್ಯಾರ್ಥಿಗಳು. ಇಂಥವರನ್ನು ಸಿದ್ಧಪಡಿಸುವ ಶಿಕ್ಷಣ ಮಹಾವಿದ್ಯಾಲಯವೊಂದು ಉಡುಪಿಯ ಕುಂಜಿಬೆಟ್ಟಿನಲ್ಲಿದ್ದು, ಡಾಕ್ಟರ್ ಟಿ. ಎಂ. ಎ. ಪೈ ಎಂಬವರ ಹೆಸರನ್ನು ಹೊತ್ತಿದೆ. ಆ ಹೆಸರನ್ನು ಕೇಳದವರು ನಮ್ಮಲ್ಲಿ ಕಡಿಮೆ. ಆದರೆ ಅವರ ಜೀವಿತವನ್ನು ಬಲ್ಲವರೂ ಹೆಚ್ಚಿಲ್ಲವಾದ್ದರಿಂದ ಅದನ್ನು ಇಲ್ಲಿ ಬರೆಯುತ್ತೇವೆ.

ಇವರು 1898ನೇ ಇಸವಿ ಏಪ್ರಿಲ್ ತಿಂಗಳ 30ನೇ ತಾರೀಕಿನಲ್ಲಿ ಉಡುಪಿಯ ಉತ್ತರಕ್ಕಿರುವ ಕಲ್ಯಾಣಪುರದಲ್ಲಿ ಕೊಂಕಣಿ ಮಾತಾಡುವ ಗೌಡ ಸಾರಸ್ವತರ ಮನೆಯೊಂದರಲ್ಲಿ ಹುಟ್ಟಿದರು. ಮದ್ರಾಸಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತು ತೇರ್ಗಡೆಯಾದ ಮೇಲೆ ಬೇರೆ ಕಡೆಗೆ ಹೋಗುವ ಮನಸ್ಸು ಅವರಿಗೆ ಇದ್ದಿತಾದರೂ, ತಾಯಿಯ ಇಷ್ಟಕ್ಕೆ ಒಳಪಟ್ಟು ತಮ್ಮ ಸೀಮೆಗೇ ತಿರುಗಿ ಬಂದು ಉಡುಪಿಯಲ್ಲಿ ವೈದ್ಯವೃತ್ತಿಯನ್ನು ಆರಂಭಿಸಿದರು. ಆ ಹೊತ್ತಿಗೆ ನಮ್ಮ ಮಿಶನಿನ ಡಾಕ್ಟರ್ ಈವಾ ಲೊಂಬಾರ್ಡ್ ಅಮ್ಮನವರು 1923ರಲ್ಲಿ ತೆರೆದ ಆಸ್ಪತ್ರೆ ಅದೇ ಊರಲ್ಲಿ ನಡೆಯುತ್ತಿತ್ತು. ಹೀಗೆ ಒಂದೇ ಊರಿನ ರೋಗಿಗಳು ಇಬ್ಬರ ಬಾಗಲಿಗೂ ಬರುತ್ತಿದ್ದರು.

ರೋಗಿಗಳು ಮದ್ದು ತೆಗೆದುಕೊಂಡು ಗುಣಹೊಂದಿ ಹೋಗುವರು. ಕೆಲವು ತಿಂಗಳಾದ ಮೇಲೆ ಅದೇ ರೋಗದಿಂದ ಪುನಃ ಬರುವರು. ಹೊಟ್ಟೆಗೆ ಸಾಕಷ್ಟು ಇಲ್ಲದವನಿಗೆ ಮದ್ದು ಎಷ್ಟು ಕಾಲ ನಿಂತೀತು? ಓದಲು ಬಾರದವನು ವೈದ್ಯರ ಮಾತನ್ನು ಎಷ್ಟು ದಿನ ನೆನಪಿನಲ್ಲಿಟ್ಟಾನು? ರೋಗ, ಬಡತನ, ಅಜ್ಞಾನ ಈ ಮೂರೂ ಒಂದೇ ಹಗ್ಗದ ಎಳೆಗಳೆಂದು ಪೈಯವರು ಕಂಡುಕೊಂಡರು. ಇದು ಬಹು ಮಂದಿ ಹೇಳುವ ಮಾತು. ಆದರೆ ಹೇಳಿ ಸುಮ್ಮನಿರುವವರ ಗುಂಪಿಗೆ ಇವರು ಸೇರಲಿಲ್ಲ.

ಆ ಕಾಲದಲ್ಲಿ ನಮ್ಮ ಕರಾವಳಿಯ ಕೈಮಗ್ಗದ ನೇಕಾರರು ಬಹಳ ಸಂಕಟದಲ್ಲಿದ್ದರು. ಇವರಿಗೆ ಸಹಾಯವಾಗಬೇಕೆಂದು 1925ರಲ್ಲಿ ಪೈಯವರೂ, ವ್ಯಾಪಾರಿಯಾಗಿದ್ದ ಅಣ್ಣ ಉಪೇಂದ್ರ ಅನಂತ ಪೈಯವರೂ, ಎಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವರೂ ಕೂಡಿಕೊಂಡು 8,000 ರೂಪಾಯಿ ಮೂಲಧನದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಬ್ಯಾಂಕನ್ನು ಉಡುಪಿಯಲ್ಲಿ ಸ್ಥಾಪಿಸಿದರು. 1928ರಲ್ಲಿ ಅವರು ಪಿಗ್ಮಿ ಎಂಬ ಹೊಸ ಕ್ರಮವನ್ನು ನಡಿಸತೊಡಗಿದರು. ಅದು ಹೇಗಂದರೆ, ಬ್ಯಾಂಕಿನ ಮನುಷ್ಯನೇ ದಿನಾಲು ಮನೆಮನೆಗೂ ಅಂಗಡಿ ಅಂಗಡಿಗೂ ನಡೆದು ಬಂದು, ಎರಡಾಣೆಯಾದರೂ ಸರಿ, ತೆಗೆದುಕೊಂಡು ಲೆಕ್ಕಕ್ಕೆ ಬರೆಯುವನು. ಕೂಲಿಯವನು ಒಂದು ದಿನದ ಕೆಲಸವನ್ನು ಬಿಟ್ಟು ಪೇಟೆಗೆ ಹೋಗಬೇಕಾಗಿಲ್ಲ. ಬ್ಯಾಂಕಿನ ಮೆಟ್ಟಲು ಹತ್ತಲಿಕ್ಕೆ ಅಂಜಬೇಕಾಗಿಲ್ಲ. ರೂಪಾಯಿಗೆ ಹದಿನಾರು ಆಣೆಯಿದ್ದ ಆ ದಿವಸಗಳಲ್ಲಿ ದಿನಕ್ಕೆ ಎರಡಾಣೆಯಂತೆ ವರುಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ ಕೂಡುತ್ತಿತ್ತು. ಮೀನು ಮಾರುವ ಹೆಂಗಸಿನ ಸೆರಗಿನ ಗಂಟಿನಲ್ಲಿ ಅಷ್ಟು ದುಡ್ಡು ಎಂದಿಗೂ ಉಳಿಯುವದಿಲ್ಲವೆಂದು ನಾವೆಲ್ಲರೂ ಬಲ್ಲೆವು. ಸಾಲಗಾರನ ಮುಂದೆ ಕೈಕಟ್ಟಿ ನಿಲ್ಲದೆ ಮಗಳ ಮದುವೆ ಮಾಡಲಿಕ್ಕೂ ಮಗನ ಶಾಲೆಯ ಶುಲ್ಕ ಕೊಡಲಿಕ್ಕೂ ಅದೇ ಆಧಾರವಾಗುವಂಥದ್ದು.

ಉಡುಪಿಯ ಪೂರ್ವಕ್ಕೆ ಒಂದು ಗಾವುದವೂ ಇಲ್ಲದ ದೂರದಲ್ಲಿ ಮುರಕಲ್ಲಿನ ಬೋಳು ಗುಡ್ಡವೊಂದಿತ್ತು. ಅಲ್ಲಿಯ ಮಣ್ಣುಪಳ್ಳವೆಂಬ ಕೆರೆಯಿಂದ ಆ ಸ್ಥಳಕ್ಕೆ ಮಣಿಪಾಲವೆಂಬ ಹೆಸರು ಬಂತೆನ್ನುತ್ತಾರೆ. ಪೈಯವರು ಆ ಗುಡ್ಡವನ್ನೇ ಆರಿಸಿಕೊಂಡರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಘವನ್ನು ಸ್ಥಾಪಿಸಿ, ಮೊದಲು ಮಾಡಿದ ಕೆಲಸ ಯಾವದೆಂದರೆ, ಮೇಲಿನ ಓದಿಗೆ ಗತಿಯಿಲ್ಲದ ಹುಡುಗರಿಗೆ ಕೈಕಸಬುಗಳನ್ನು ಕಲಿಸುವದೇ. ದೊಡ್ಡ ವಿದ್ಯಾಶಾಲೆಗಳು ಅದರ ತರುವಾಯ ಬಂದವುಗಳು. ಈ ಕ್ರಮವನ್ನು ವಾಚಕರು ಗಮನಿಸಬೇಕು, ಯಾಕಂದರೆ ಮಣಿಪಾಲದ ಈಗಿನ ಕಟ್ಟಡಗಳನ್ನು ನೋಡುವವನಿಗೆ ಅದು ತೋಚುವದಿಲ್ಲ.

ಅಂದಿನ ದಿವಸಗಳಲ್ಲಿ ಕಾಪುವಿನ ಹುಡುಗನಾಗಲಿ ಕಾರ್ಕಳದ ಹುಡುಗನಾಗಲಿ ಪ್ರೌಢಶಾಲೆಯನ್ನು ಮುಗಿಸಿ ಕಾಲೇಜಿಗೆ ಹೋಗಬೇಕಾದರೆ ಸೇತುವೆಯಿಲ್ಲದ ಹೊಳೆಗಳನ್ನು ದೋಣಿಯಲ್ಲಿ ದಾಟಿ ಮಂಗಳೂರಿಗೆ ಹೋಗಿ, ಅಲ್ಲಿ ಊಟಕ್ಕೂ ವಸತಿಗೂ ಹಣ ಕಟ್ಟಬೇಕಿತ್ತು. ಹಣವುಳ್ಳವರು ಹೋದರು, ಮಿಕ್ಕವರು ಬೀಡಿ ಕಟ್ಟಲಿಕ್ಕೆ, ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆಯಲಿಕ್ಕೆ ಹೋದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜೂ, 1960ರಲ್ಲಿ ಕಾರ್ಕಳದಲ್ಲಿ ಶ್ರೀ ಭುವನೇಂದ್ರ ಕಾಲೇಜೂ ಅಕಾಡೆಮಿಯ ಪ್ರಯತ್ನದಿಂದ ಹುಟ್ಟಿದ ಮೇಲೆ ಮನೆಯಲ್ಲಿ ಗಂಜಿ ಉಂಡು ಕಾಲೇಜಿಗೆ ಹೋಗಿ ಬರುವದು ಸಾಧ್ಯವಾಯಿತು. ವಿಶೇಷವಾಗಿ ಹೆಣ್ಣುಮಕ್ಕಳಿಗೆ ಇದರಿಂದ ಆದ ಪ್ರಯೋಜನ ಹೆಚ್ಚಿನದು. ಮಗಳನ್ನು ಮಂಗಳೂರಿಗೆ ಕಳುಹಿಸಲು ಒಪ್ಪದ ತಂದೆ ಪಕ್ಕದ ಪೇಟೆಗೆ ಕಳುಹಿಸಲು ಒಪ್ಪಿದನು.

1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಸರಕಾರವಲ್ಲದವರು ತಮ್ಮ ಸ್ವಂತ ಹಣದ ಏರ್ಪಾಡಿನಿಂದ ಇಂಥ ಕಾಲೇಜನ್ನು ನಡಿಸುವದು ಈ ದೇಶದಲ್ಲಿ ಹೊಸ ಕೆಲಸವಾಗಿತ್ತು. ರೋಗಿಗಳನ್ನು ನೋಡಿ ಕಲಿಯಲಿಕ್ಕೆ ವಿದ್ಯಾರ್ಥಿಗಳು ಮಂಗಳೂರಿನ ಸರಕಾರಿ ಆಸ್ಪತ್ರೆಗೆ ಹೋಗುತ್ತಿದ್ದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಸೇರಿತು. ಇಷ್ಟಕ್ಕೆಲ್ಲಾ ಹಣ ಎಲ್ಲಿಂದ ಬಂತು? ಸೇರುವ ವಿದ್ಯಾರ್ಥಿಗಳ ತಂದೆತಾಯಿಗಳಿಂದಲೇ ದೊಡ್ಡ ಮೊತ್ತವನ್ನು ತೆಗೆದುಕೊಂಡರು. ಈ ವಿಷಯದಲ್ಲಿ ಪೈಯವರ ಮೇಲೆ ಬಂದ ಆಕ್ಷೇಪವನ್ನು ಮುಚ್ಚಿಟ್ಟು ಬರೆಯುವದು ಸತ್ಯಕ್ಕೆ ಸರಿಯಲ್ಲ. ವಿದ್ಯೆಯನ್ನು ಹಣವಂತರಿಗೆ ಮಾರಿದರೆಂದು ಹಲವರು ಹೇಳಿದರು. ಸರಕಾರದ ಬೊಕ್ಕಸದಲ್ಲಿ ಕಾಸಿಲ್ಲದಾಗ ಹಣವಂತನ ಹಣದಿಂದಲೇ ಆಸ್ಪತ್ರೆ ಎದ್ದಿತಲ್ಲಾ ಎಂದು ಬೇರೆಯವರು ಹೇಳಿದರು. ನಮ್ಮ ಅಭಿಪ್ರಾಯದಲ್ಲಿ ಎರಡರಲ್ಲಿಯೂ ನಿಜವುಂಟು. ಆ ಆಸ್ಪತ್ರೆಯಲ್ಲಿ ಗುಣಹೊಂದಿದವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಆ ಕಾಲೇಜಿನ ಬಾಗಲಲ್ಲಿ ಹಣವಿಲ್ಲದೆ ಹಿಂತಿರುಗಿದ ಬುದ್ಧಿವಂತ ಬಾಲಕರೂ ಇದ್ದಿರಬೇಕು. 1984ರಲ್ಲಿ ಕರ್ನಾಟಕ ಸರಕಾರವು ಇಂಥ ಪ್ರವೇಶಹಣವನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಪೈಯವರ ಮರಣಾನಂತರ ಅವರ ಹೆಸರಿನ ಪ್ರತಿಷ್ಠಾನವೇ ಹೂಡಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ಮಂದಿ ನ್ಯಾಯಾಧೀಶರು 2002ನೇ ಅಕ್ಟೋಬರ 31ರಂದು ತೀರ್ಪು ಕೊಟ್ಟು, ಖಾಸಗಿಯವರಿಗೆ ವಿದ್ಯಾಶಾಲೆಗಳನ್ನು ನಡಿಸುವ ಹಕ್ಕುಂಟು, ಆದರೆ ಲಾಭಕೋರತನ ಕೂಡದು ಎಂದರು. ಅಲ್ಪಸಂಖ್ಯಾತರ ಶಾಲೆಗಳ ಹಕ್ಕಿನ ಕುರಿತೂ ಅದೇ ತೀರ್ಪಿನಲ್ಲಿ ಹೇಳಿರುವದರಿಂದ ಕ್ರೈಸ್ತ ಶಾಲೆಗಳ ಆಡಳಿತಗಾರರು ಇಂದಿಗೂ ಈ ಪೈಯವರ ಹೆಸರನ್ನು ಕಾಗದಗಳಲ್ಲಿ ಕಾಣುತ್ತಾರೆ.

ಸರಕಾರವು 1972ರಲ್ಲಿ ಅವರಿಗೆ ಪದ್ಮಶ್ರೀ ಬಿರುದನ್ನು ಕೊಟ್ಟಿತು. ಅವರು 1979ನೇ ಮೇ ತಿಂಗಳ 29ರಂದು ತೀರಿಹೋದರು. ಅದಕ್ಕೆ ಹತ್ತು ವರುಷ ಮುಂಚೆಯೇ, 1969ರಲ್ಲಿ, ಸಿಂಡಿಕೇಟ್ ಬ್ಯಾಂಕ್ ಸರಕಾರದ ವಶವಾಗಿತ್ತು; 2020ರಲ್ಲಿ ಅದು ಕೆನರಾ ಬ್ಯಾಂಕಿನೊಳಗೆ ಸೇರಿ ಹೆಸರನ್ನೂ ಕಳಕೊಂಡಿತು. ಆದರೂ ಸಹಕಾರಿ ಸಂಘದವರು ದಿನಾಲು ಅಂಗಡಿಗಳಿಗೆ ಬಂದು ಕೂಡಿಸುವ ಹಣಕ್ಕೆ ನಮ್ಮ ಜನರು ಪಿಗ್ಮಿಯೆಂದೇ ಹೇಳುತ್ತಾರೆ.

ಈಗ ನಾವು ಮೊದಲು ಹೇಳಿದ ಕುಂಜಿಬೆಟ್ಟಿನ ಮಹಾವಿದ್ಯಾಲಯಕ್ಕೆ ತಿರುಗುವ. ವೈದ್ಯನಾಗುವವನಿಗೆ ಬೇಕಾದಷ್ಟು ಹಣ ಉಪಾಧ್ಯಾಯನಾಗುವವನಿಗೆ ಬೇಡ. ಆದಕಾರಣ ಬಡವರ ಮಕ್ಕಳು ಇಂಥ ವಿದ್ಯಾಶಾಲೆಗಳಿಗೆ ಹೆಚ್ಚಾಗಿ ಬರುತ್ತಾರೆ. ಮೊದಲು ಒಂದು ವರುಷದಲ್ಲಿ ಮುಗಿಯುತ್ತಿದ್ದ ಈ ಶಿಕ್ಷಣವು 2015ರಿಂದ ಎರಡು ವರುಷಗಳದ್ದಾಯಿತು. ಮನೆಯಿಂದ ಇನ್ನೊಂದು ವರುಷ ಖರ್ಚು ಹೊರಬೇಕಾದವರಿಗೆ ಅದು ಸಣ್ಣ ಭಾರವಲ್ಲ. ಇಂಥ ಶಾಲೆಗಳಲ್ಲಿ ಜೊತೆಯಾಗಿ ಬಾಳುವದೂ ಪಾಠದ ಭಾಗವೇ: ವಿದ್ಯಾರ್ಥಿಗಳೆಲ್ಲರೂ ಹಳ್ಳಿಯೊಂದಕ್ಕೆ ಹೋಗಿ ಶಿಬಿರ ಹೂಡಿ, ತಮ್ಮ ಅಡಿಗೆಯನ್ನು ತಾವೇ ಮಾಡಿ, ಶಾಲೆಯ ಅಂಗಳವನ್ನು ಗುಡಿಸಿ, ಸಂಜೆ ಊರವರ ಸಂಗಡ ಕೂತು ಮಾತಾಡುತ್ತಾರೆ. ಯಾವ ಜಾತಿಯವನು ಬಡಿಸಿದನೆಂದು ಕೇಳುವ ಹಾಗಿಲ್ಲ. ಪಾಠ ಹೇಳುವ ಅಭ್ಯಾಸದ ದಿವಸಗಳಲ್ಲಿಯೂ ಹಾಗೆಯೇ. ಒಬ್ಬಳು ಹಿಂದಿನ ರಾತ್ರಿ ಬರೆದ ಪಾಠಯೋಜನೆಯನ್ನು ಮೇಜಿನ ಮೇಲಿಟ್ಟು, ನಡುಗುವ ಕೈಯಿಂದ ಹಲಗೆಯ ಮೇಲೆ ಬರೆಯುವಾಗ, ಅವಳ ಗೆಳತಿಯರು ಕೊನೆಯ ಬೆಂಚಿನಲ್ಲಿ ಮಕ್ಕಳ ಸಂಗಡ ಕೂತು, ಸ್ವರ ಹಿಂದಿನ ವರೆಗೆ ಕೇಳಿಸಿತೋ, ಮೂಲೆಯಲ್ಲಿದ್ದ ಮಗುವಿಗೆ ಪ್ರಶ್ನೆ ಹಾಕಿದಳೋ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಗಂಟೆ ಹೊಡೆದ ಮೇಲೆ ಹೊರಗೆ ಮರದ ಕೆಳಗೆ ಆ ಪುಸ್ತಕವನ್ನು ಅವಳಿಗೆ ಓದಿ ಹೇಳುವರು. ಮರುದಿನ ಅವಳು ಅವರ ಪಾಠಕ್ಕೆ ಹೋಗಿ ಕೂಡ್ರುವಳು.