ದೊಡ್ಡಸ್ವಾಮಿಗಳು: ಅಬ್ಬೆ ದ್ಯುಬ್ವಾ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಕನ್ನಡ ನಾಡಿನ ಕ್ರೈಸ್ತ ಸಮುದಾಯವನ್ನು ಕಷ್ಟಕಾಲದಲ್ಲಿ ಕೈಹಿಡಿದು ನಡೆಸಿದ ಗುರುವೊಬ್ಬರನ್ನು ನೆನೆಯುವುದು ಯುಕ್ತವಾಗಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಜನರಿಗೆ ಕೋಟೆ, ದಂಡು, ಪಾಳೆಯ ಎಂಬ ಮಾತುಗಳು ಹೊಸವಲ್ಲ. ಬಳ್ಳಾರಿಯ ಕೋಟೆಯು ಹೈದರಾಲಿಯ ವಶವಾಗಿ, ಬಳಿಕ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿದ್ದು, 1792ರಲ್ಲಿ ನಿಜಾಮನಿಗೂ 1800ರಲ್ಲಿ ಇಂಗ್ಲಿಷ್ ಕಂಪನಿಗೂ ಸೇರಿತು. ಅದೇ ಯುದ್ಧಗಳ ಕಾಲದಲ್ಲಿ ಶ್ರೀರಂಗಪಟ್ಟಣದ ಪಾಳೆಯಗಳಲ್ಲಿ ಸಾವಿರಾರು ಕಥೋಲಿಕರು ಸೆರೆಯಾಳುಗಳಾಗಿಯೂ ಸೈನಿಕರಾಗಿಯೂ ದಿನ ಕಳೆದರು. ಅವರ ಬಳಿಗೆ ಬಂದ ಗುರುವೇ ಅಬ್ಬೆ ದ್ಯುಬ್ವಾ.

ಜಾನ್ ಅಂತ್ವಾನ್ ದ್ಯುಬ್ವಾ ಅವರು 1766ರ ಜನವರಿಯಲ್ಲಿ ಫ್ರಾನ್ಸ್ ದೇಶದ ಆರ್ದೆಷ್ ಪ್ರಾಂತ್ಯದಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದರು. ಆಗ ಅವರ ದೇಶದಲ್ಲಿ ಮಹಾಕ್ರಾಂತಿಯ ಬಿರುಗಾಳಿ ಬೀಸುತ್ತಿತ್ತು, ಗುರುಗಳಿಗೆ ಪ್ರಾಣಭಯವಿತ್ತು. ಅದೇ ವರ್ಷ ಅವರು ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಮೊದಲ ಕೆಲವು ವರ್ಷಗಳನ್ನು ಪುದುಚೇರಿ ಮಿಷನ್ನಿಗೆ ಸೇರಿದ ತಮಿಳು ಸೀಮೆಯಲ್ಲಿ ಕಳೆದು, ಜನರ ಭಾಷೆಯನ್ನೂ ನಡೆನುಡಿಯನ್ನೂ ಕಲಿತರು.

ಇತ್ತ ಕನ್ನಡ ನಾಡಿನಲ್ಲಿ ಕಥೋಲಿಕರ ಮೇಲೆ ಮಹಾ ಸಂಕಟವೊಂದು ಎರಗಿತ್ತು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ 1784ರ ಫೆಬ್ರವರಿಯಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಟಿಪ್ಪುವಿನ ಆಜ್ಞೆಯಂತೆ ಹಿಡಿಯಲಾಯಿತು. ಗುರುಗಳು ಗಡೀಪಾರಾದರು, ದೇವಾಲಯಗಳು ನೆಲಸಮವಾದವು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಎಲ್ಲರೂ ಘಟ್ಟವನ್ನೇರಿ ಶ್ರೀರಂಗಪಟ್ಟಣದವರೆಗೆ ನಡೆಯಬೇಕಾಯಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲವಾದರೂ ಅದು ಹತ್ತಾರು ಸಾವಿರವೆಂಬುದರಲ್ಲಿ ಸಂದೇಹವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಹಸಿವು, ರೋಗಗಳಿಗೆ ತುತ್ತಾದರು. ಬಲಿಷ್ಠ ತರುಣರಿಗೆ ಬಲವಂತದಿಂದ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಸೈನ್ಯದ ತುಕಡಿಗಳಿಗೆ ಸೇರಿಸಲಾಯಿತು.

ಹೀಗೆ ಹದಿನೈದು ವರ್ಷಗಳು ಉರುಳಿದವು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಮರಣಶಯ್ಯೆಯ ಬಳಿ ಗುರುವಿಲ್ಲ. ದಂಡಿನಲ್ಲಿದ್ದವನು ಹೊರಗೆ ಒಂದು ಹೆಸರನ್ನೂ ಒಳಗೆ ಇನ್ನೊಂದು ಹೆಸರನ್ನೂ ಹೊತ್ತು ಬಾಳಬೇಕಾಗಿತ್ತು. ಸೆರೆಯಲ್ಲಿ ಹುಟ್ಟಿದ ಮಕ್ಕಳು ದೇವಾಲಯವನ್ನೇ ಕಾಣದೆ ಬೆಳೆದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಹೋರಾಡುತ್ತಲೇ ಮಡಿದನು. ಸೆರೆಯಿಂದ ಬಿಡುಗಡೆಯಾದವರಲ್ಲಿ ಅನೇಕರು ಕರಾವಳಿಗೆ ಮರಳಿದರು. ಮೈಸೂರು ಸೀಮೆಯಲ್ಲಿ ಉಳಿದ ಕ್ರೈಸ್ತ ಸಮುದಾಯ ಮಾತ್ರ ಚದುರಿ ಹೋಗಿತ್ತು. ಅದನ್ನು ಮತ್ತೆ ಕಟ್ಟಲು, ಬಲವಂತದಿಂದ ಮತಾಂತರಗೊಂಡವರನ್ನು ಮರಳಿ ಧರ್ಮಸಭೆಗೆ ಸೇರಿಸಿಕೊಳ್ಳಲು ದ್ಯುಬ್ವಾ ಅವರಿಗೆ ಕರೆ ಬಂದಿತು. ಆಗ ಅವರಿಗೆ ಮೂವತ್ತಮೂರು ವರ್ಷ.

ಇದು ಸುಲಭದ ಕಾರ್ಯವಾಗಿರಲಿಲ್ಲ. ಪ್ರಾಣಭಯದಿಂದ ವಿಶ್ವಾಸವನ್ನು ಬಿಟ್ಟವರನ್ನು ಹೇಗೆ ಕಾಣಬೇಕು? ಇದು ರೋಮನ್ ಚಕ್ರವರ್ತಿಗಳ ಹಿಂಸೆಯ ಕಾಲದಿಂದಲೂ ಧರ್ಮಸಭೆಯನ್ನು ಕಾಡಿದ ಪ್ರಶ್ನೆ. ಈ ವಿಷಯದಲ್ಲಿ ದ್ಯುಬ್ವಾ ಅವರ ಮನಸ್ಸು ಮೃದುವಾಗಿರಲಿಲ್ಲ. ಅಷ್ಟೊಂದು ಜನರಲ್ಲಿ ರಕ್ತಸಾಕ್ಷಿಯಾಗಲು ಯಾರೂ ಮುಂದಾಗಲಿಲ್ಲವೆಂದು ಅವರು ಮುಂದೆ ನೋವಿನಿಂದ ಬರೆದರು. ಆದರೂ ಬಂದವರಿಗೆ ಬಾಗಿಲು ಮುಚ್ಚಲಿಲ್ಲ. ತೀರ್ಪು ಕಠಿಣವಾಗಿದ್ದರೂ ಅವರ ಕೈ ಕರುಣೆಯ ಕೈಯಾಗಿತ್ತು. ಅವರ ಜೀವನದ ಹಿರಿಮೆ ಇರುವುದು ಇಲ್ಲಿಯೇ.

ಮರಳಿ ಬಂದವರಿಗೆ ಸಂಸ್ಕಾರಗಳ ಜೊತೆಗೆ ಅನ್ನವೂ ಬೇಕಾಗಿತ್ತು. ಹೊಲಮನೆ ಕಳೆದುಕೊಂಡ ಬಡ ಕ್ರೈಸ್ತರಿಗಾಗಿ ಅವರು ಹಾಸನದ ಬಳಿಯ ಸಾತಳ್ಳಿಯಂಥ ಕಡೆಗಳಲ್ಲಿ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಸಿಡುಬು ಊರೂರುಗಳನ್ನು ಬರಿದು ಮಾಡುತ್ತಿದ್ದ ಕಾಲದಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ಕೈಹಾಕಿದರು. 1803–04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಮಂದಿಗೆ ದೇವಿ ಹಾಕಲಾಯಿತು. ಬೆಂಗಳೂರಿನಲ್ಲಿ ದಂಡು ನೆಲೆಗೊಂಡ ಕಾಲದಲ್ಲಿ ಬ್ಲ್ಯಾಕ್‌ಪಳ್ಳಿಯಲ್ಲಿ ಅವರು ಕಟ್ಟಿಸಿದ ಚಿಕ್ಕ ಪ್ರಾರ್ಥನಾ ಮಂದಿರವೇ ಇಂದಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದ ಮೂಲ.

ಅವರು ಈ ನೆಲದ ಉಡುಪು ತೊಟ್ಟು, ಇಲ್ಲಿಯ ಆಚಾರಗಳಿಗೆ ಹೊಂದಿಕೊಂಡು ಬಾಳಿದರು. ಜನ ಅವರನ್ನು ಪ್ರೀತಿಯಿಂದ ದೊಡ್ಡಸ್ವಾಮಿಗಳೆಂದು ಕರೆದರು. ಹಿಂದೂಗಳ ಆಚಾರವಿಚಾರಗಳ ಬಗ್ಗೆ ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಹಗಳಿಗೆ ಕೊಂಡುಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಗ್ರಂಥ ಅವರಿಗೆ ಲೋಕಖ್ಯಾತಿಯನ್ನು ತಂದಿತು. ಅದರ ಬಹುಭಾಗಕ್ಕೆ ಯೇಸುಸಭೆಯ ಕೂರ್ದೂ ಸ್ವಾಮಿಗಳ ಹಳೆಯ ಬರಹವೇ ಆಧಾರವೆಂದು ಈಚಿನ ಸಂಶೋಧನೆ ತೋರಿಸಿದೆ.

ಮೂವತ್ತೊಂದು ವರ್ಷಗಳ ಸೇವೆಯ ಬಳಿಕ 1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಇಲ್ಲಿ ಕ್ರೈಸ್ತಧರ್ಮ ಇನ್ನು ಹರಡಲಾರದೆಂಬ ನಿರಾಶೆ ಅವರಲ್ಲಿತ್ತು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅದನ್ನು ಮರೆಮಾಚದೆ ಬರೆದರು. ಪ್ಯಾರಿಸಿನಲ್ಲಿ 1836ರಿಂದ 1839ರವರೆಗೆ ತಮ್ಮ ಸಂಸ್ಥೆಯ ಶ್ರೇಷ್ಠರಾಗಿದ್ದು, 1848ರ ಫೆಬ್ರವರಿ 17ರಂದು ದೈವಾಧೀನರಾದರು.

ಅವರ ನಿರಾಶೆ ನಿಜವಾಗಲಿಲ್ಲ. 1850ರಲ್ಲಿ ಮೈಸೂರು ಪ್ರತ್ಯೇಕ ಧರ್ಮಪ್ರಾಂತವಾಯಿತು. 1949ರಲ್ಲಿ ನಮ್ಮ ಬಳ್ಳಾರಿ ಧರ್ಮಕ್ಷೇತ್ರವೂ ಸ್ಥಾಪನೆಗೊಂಡಿತು. ಸೋತು, ನಾಚಿ, ತಲೆ ತಗ್ಗಿಸಿ ಬಂದವರನ್ನು ಸೇರಿಸಿಕೊಂಡು ಅವರು ಮುರಿದ ಸಭೆಯನ್ನು ಮತ್ತೆ ಕಟ್ಟಿದರು. ನೂರು ವರ್ಷ ತುಂಬಿದ ನಮ್ಮ ದೇವಾಲಯದ ಬಾಗಿಲೂ ಬಹುಕಾಲ ದೂರ ಉಳಿದವರಿಗೆ ಹಾಗೆಯೇ ತೆರೆದಿರಲಿ.